ವಿಮಾನವೇರಿದ ತಳ್ಳುಗಾಡಿ



ವಿಮಾನವು ನೆಲ ಬಿಟ್ಟು ಮೇಲೆದ್ದ ಸ್ವಲ್ಪ ಹೊತ್ತಿಗೇ ಅದರ ಗಾಲಿಗಳು ಮಡಚಿಕೊಂಡು ಒಳಗೆ ಸೇರಿಕೊಳ್ಳುವುದನ್ನು ನೀವು ನೋಡಿರಬಹುದು. ನೆಲದ ಮೇಲೆ ಓಡುವಾಗ ಅವು ಇಡೀ ವಿಮಾನದ ಭಾರ ಹೊರಬೇಕು. ಹಾರುವಾಗ ಇದ್ದೂ ಇಲ್ಲದಂತಿರಬೇಕು. ಇದೇ ಗುಣ ಬೇಕಾದ ಇನ್ನೊಂದು ವಾಹನ ಎಷ್ಟೋ ಮನೆಗಳಲ್ಲಿದೆ. ಅದು ಕೂಸನ್ನು ಕೂರಿಸಿ ತಳ್ಳುವ ಗಾಡಿ. ಹಿಂದಿನವರು ಪ್ರಾಮ್ ಎಂದರು, ಈಗಿನವರು ಸ್ಟ್ರಾಲರ್ ಎನ್ನುತ್ತಾರೆ.

ಇವೆರಡಕ್ಕೂ ನಂಟು ಬೆಸೆದವರು ಓವನ್ ಮ್ಯಾಕ್ಲಾರೆನ್ ಎಂಬ ಬ್ರಿಟಿಷ್ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಮಡಚುವ ಗಾಲಿಗಳ ವಿನ್ಯಾಸದಲ್ಲಿ ದುಡಿದವರು ಅವರು. ನಿವೃತ್ತಿಯ ನಂತರ ಒಮ್ಮೆ ಮಗಳು ಮಾಸ್ಕೋದಿಂದ ಮೊಮ್ಮಗುವಿನೊಡನೆ ಬಂದಳು. ಆಕೆಯ ತಳ್ಳುಗಾಡಿಯ ಭಾರ, ಪ್ರಯಾಣದಲ್ಲಿ ಅದು ಕೊಡುವ ಪಾಡು ತಾತನ ಕಣ್ಣಿಗೆ ಬಿತ್ತು. 1965ರಲ್ಲಿ ಅವರು ಟೊಳ್ಳು ಅಲ್ಯೂಮಿನಿಯಂ ಕೊಳವೆಗಳಿಂದ, ಛತ್ರಿಯಂತೆ ಮಡಚಿಕೊಳ್ಳುವ ಗಾಡಿಯೊಂದನ್ನು ರೂಪಿಸಿ ಪೇಟೆಂಟಿಗೆ ಅರ್ಜಿ ಹಾಕಿದರು. ತೂಕ 3 ಕಿಲೋಗ್ರಾಂಗಿಂತಲೂ ಕಡಿಮೆ! ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಗಾಡಿ ಹಿಡಿದು ಮೆಟ್ಟಿಲು ಹತ್ತುವುದು ಸಾಧ್ಯವಾಯಿತು.

ಆ ಗಾಡಿ ಇಂದು ವಿಮಾನವನ್ನೂ ಏರುತ್ತದೆ. ನಿಮ್ಮ ಅಕ್ಕನೋ ಅತ್ತಿಗೆಯೋ ಕೂಸಿನೊಡನೆ ಹೊರದೇಶಕ್ಕೆ ಹೊರಟಾಗ ಜೊತೆಗೆ ಹೋಗುವ ಸರದಿ ನಿಮ್ಮದೇ ಆಗಬಹುದು. ಆದ್ದರಿಂದ ನಮ್ಮದೇ ಅನುಭವ ಹೇಳುತ್ತೇನೆ.

ನಾನು, ನನ್ನ ಮಗಳು, ಎಂಟು ತಿಂಗಳ ಮೊಮ್ಮಗ, ಮೂವರೂ ಬೆಂಗಳೂರಿನಿಂದ ಲಂಡನ್ನಿಗೆ ಹೊರಟಿದ್ದೆವು. ನಡುವೆ ಕೊಲ್ಲಿಯ ಒಂದು ನಗರದಲ್ಲಿ ವಿಮಾನ ಬದಲಿಸಬೇಕಿತ್ತು. ದೇವನಹಳ್ಳಿಯ ನಿಲ್ದಾಣದಲ್ಲಿ ಸಾಮಾನು ಒಪ್ಪಿಸುವಾಗ ಗಾಡಿಗೂ ಒಂದು ಚೀಟಿ ಕಟ್ಟಿದರು. ವಿಮಾನದ ಬಾಗಿಲವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಮಡಚಿ ಕೊಡಿ ಎಂದರು. ಭದ್ರತಾ ತಪಾಸಣೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಕು; ಬರಿಗಾಡಿ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ. ಹಿಂದೆ ಸಾಲು ಬೆಳೆದಿರುವಾಗ ಮಡಚುವ ಕೀಲಿಯನ್ನು ಹುಡುಕುತ್ತ ನಿಂತರೆ ಮುಜುಗರ. ಮನೆಯಲ್ಲೇ ನಾಲ್ಕಾರು ಸಲ ಮಡಚಿ ಬಿಚ್ಚಿ ಕೈಪಳಗಿಸಿಕೊಳ್ಳಿ.

ಬಾಗಿಲ ಬಳಿ ಕೊಟ್ಟ ಗಾಡಿ ವಿಮಾನದ ಕೆಳಗಿನ ಸರಕು ಕೋಣೆಗೆ ಹೋಗುತ್ತದೆ. ಹೀಗಾಗಿ ಅದರ ಬುಟ್ಟಿ ಖಾಲಿಯಿರಬೇಕು. ಹಾಲು, ಔಷಧಿ, ಬಟ್ಟೆ ಎಲ್ಲ ಕೈಚೀಲಕ್ಕೆ. ಮುಖ್ಯವಾಗಿ, ಮೊಬೈಲಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕ್ ಅಲ್ಲಿ ಉಳಿಯಲೇಬಾರದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿಕೊಂಡರೆ ಪ್ರಯಾಣಿಕರ ಕೋಣೆಯಲ್ಲಾದರೆ ಕಂಡು ಆರಿಸಬಹುದು. ಕೆಳಗೆ ಅದನ್ನು ನೋಡುವವರು ಯಾರೂ ಇಲ್ಲ.

ಇಷ್ಟೆಲ್ಲ ಸರಿಯಾಗಿಯೇ ಮಾಡಿದೆವು. ಆದರೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳಲಿಲ್ಲ: ಗಾಡಿ ನಮಗೆ ಮರಳಿ ಸಿಗುವುದೆಲ್ಲಿ? ನಡುವಿನ ನಿಲ್ದಾಣದಲ್ಲಿ ವಿಮಾನದ ಬಾಗಿಲಲ್ಲಿ ಕಾದು ನಿಂತೆವು. ಎಲ್ಲರೂ ಇಳಿದು ಹೋದರು. ಸಿಬ್ಬಂದಿಯೊಬ್ಬರು ಚೀಟಿ ನೋಡಿ, "ಇದು ನೇರ ಲಂಡನ್ನಿಗೆ ಬರೆದಿದೆ, ಅಲ್ಲೇ ತೆಗೆದುಕೊಳ್ಳಿ" ಎಂದರು. ಇನ್ನೂ ಮೂರು ಗಂಟೆ ಕಾಯಬೇಕು, ನಡುರಾತ್ರಿ, ನಿದ್ದೆಗಣ್ಣಿನ ಕೂಸು. ನನ್ನ ಮಂಡಿಯಂತೂ ಮೊದಲೇ ಮುಷ್ಕರ ಹೂಡಿತ್ತು. ಕೊನೆಗೆ ಮಗಳು ತನ್ನ ದುಪ್ಪಟ್ಟವನ್ನು ಜೋಳಿಗೆಯಂತೆ ಕಟ್ಟಿಕೊಂಡು ಮಗುವನ್ನು ಎದೆಗವಚಿ ಮಲಗಿಸಿದಳು. ಮಡಚುವ ಗಾಡಿಗಳಲ್ಲೆಲ್ಲ ಬಲು ಹಳೆಯದು ಅದೇ ಅಲ್ಲವೇ!

ವಿಮಾನ ಬದಲಿಸುವ ಪ್ರಯಾಣವಾದರೆ ಈ ಪ್ರಶ್ನೆಯನ್ನು ಮೊದಲ ಕೌಂಟರಿನಲ್ಲೇ ಕೇಳಿ, ಚೀಟಿಯ ಮೇಲೆ ಬರೆದಿರುವ ಊರನ್ನು ನೀವೇ ಓದಿ. ಕೆಲವು ನಿಲ್ದಾಣಗಳಲ್ಲಿ ಬಾಗಿಲಿಗೆ ತಂದು ಕೊಡುವ ಏರ್ಪಾಡೇ ಇರುವುದಿಲ್ಲ. ತುಂಬ ಪುಟ್ಟದಾಗಿ ಮಡಚುವ ಗಾಡಿಯನ್ನು ತಲೆಯ ಮೇಲಿನ ಗೂಡಿನಲ್ಲಿಡಲು ಕೆಲವು ವಿಮಾನ ಸಂಸ್ಥೆಗಳು ಒಪ್ಪುತ್ತವೆ; ಅಳತೆಯನ್ನು ಮುಂಚೆಯೇ ವಿಚಾರಿಸಬೇಕು.

ಲಂಡನ್ನಿನಲ್ಲಿ ಗಾಡಿ ಬಂತು. ಒಂದು ಗಾಲಿ ಸೊಟ್ಟಗಾಗಿತ್ತು. "ಹೋಗಲಿ ಬಿಡಮ್ಮ" ಎಂದಳು ಮಗಳು. ನಾನು ಬಿಡಲಿಲ್ಲ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಪ್ಪಿಸಿದ ಸಾಮಾನಿಗೆ ಹಾನಿಯಾದರೆ, ಅದು ಕೈಸೇರಿದ 7 ದಿನಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ಭಾರತವೂ 2009ರಲ್ಲಿ ಈ ಒಪ್ಪಂದಕ್ಕೆ ಸೇರಿದೆ. ನಿಲ್ದಾಣದಿಂದ ಹೊರಬೀಳುವ ಮುನ್ನವೇ ಕೌಂಟರಿನಲ್ಲಿ ದೂರು ಬರೆಸಿ, ಪ್ರತಿ ಇಟ್ಟುಕೊಂಡೆವು. ಬಾಗಿಲಲ್ಲಿ ಗಾಡಿ ಕೊಡುವಾಗ ಮಗಳು ತೆಗೆದಿದ್ದ ಫೋಟೋ ಆಗ ಉಪಯೋಗಕ್ಕೆ ಬಂತು.

ಕೆಲವು ವಾರಗಳ ಮೇಲೆ ಗಾಲಿಯ ಬೆಲೆ ಬಂದಿತು. ಮೊಮ್ಮಗ ಈಗ ಓಡಾಡುತ್ತಾನೆ. ಅವನ ಗಾಡಿಯಲ್ಲಿ ಮಗಳು ತರಕಾರಿ ತರುತ್ತಾಳಂತೆ.