ಪರದೇಶದಲ್ಲಿ ಮಡಿದ ಸಿಪಾಯಿ, ಊರಲ್ಲಿ ಉಳಿದ ಹೆಂಡತಿ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯ, ಸಾಲ, ಮರುಪಾವತಿಯ ಮಾತು ಮುಗಿಯಿತು. ಇನ್ನು ಸ್ವಲ್ಪ ಹೊತ್ತು ನಾವು ಒಬ್ಬ ಹುಡುಗನ ವಿಷಯ ಹೇಳುತ್ತೇವೆ, ಕೇಳಿ. ಅವನ ಹೆಸರು ಗಬರ್ ಸಿಂಗ್ ನೇಗಿ. ಊರು ಹಿಮಾಲಯದ ಗಢವಾಲ್ ಸೀಮೆಯಲ್ಲಿ, ಈಗಿನ ಉತ್ತರಾಖಂಡದ ಚಂಬಾ ಹತ್ತಿರದ ಒಂದು ಹಳ್ಳಿ. 1895ರಲ್ಲಿ ಹುಟ್ಟಿದವನು, 1913ರಲ್ಲಿ ಗಢವಾಲ್ ರೈಫಲ್ಸ್ ಪಡೆಗೆ ಸೇರಿದ. ಮದುವೆಯೂ ಆಗಿತ್ತು. ಹೆಂಡತಿ ಸತೂರಿದೇವಿ, ಇನ್ನೂ ಸಣ್ಣ ಹುಡುಗಿ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜಗಳ ಯಾರದ್ದು? ಯುರೋಪಿನ ರಾಜರದ್ದು. ಹೋದವರು ಯಾರು? ನಮ್ಮ ಹಳ್ಳಿಗಳ ಹುಡುಗರೂ ಹೋದರು. ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು, 70 ಸಾವಿರಕ್ಕೂ ಹೆಚ್ಚು ಜನ ಜೀವ ಬಿಟ್ಟರು. ಗಬರ್ ಸಿಂಗ್ ಹೋದದ್ದು ಫ್ರಾನ್ಸಿಗೆ. 1915ರ ಮಾರ್ಚ್ 10ರಂದು ನವ್ ಶಪೆಲ್ ಎಂಬ ಹಳ್ಳಿಯಲ್ಲಿ ಶತ್ರುಗಳ ಕಂದಕಕ್ಕೆ ನುಗ್ಗಿದ ತಂಡದಲ್ಲಿ ಅವನಿದ್ದ. ಕಂದಕದ ಒಂದೊಂದು ತಿರುವಿನಲ್ಲೂ ಎಲ್ಲರಿಗಿಂತ ಮುಂದೆ ಹೋದವನು ಅವನೇ. ಎದುರಿನವರು ಶರಣಾದರು. ಆದರೆ ಹುಡುಗ ಉಳಿಯಲಿಲ್ಲ. 20 ತುಂಬಲು ಇನ್ನೂ ಒಂದು ತಿಂಗಳ ಮೇಲಿತ್ತು.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಏನು ಮಾಡ್ತೇವೆ? ಮುಖ ನೋಡ್ತೇವೆ, ಒಂದು ಹಿಡಿ ಮಣ್ಣು ಹಾಕ್ತೇವೆ. ಅಳು ಆಗಲೇ ಸ್ವಲ್ಪ ಇಳಿಯೋದು. ಸತೂರಿದೇವಿಗೆ ಅದೂ ಸಿಗಲಿಲ್ಲ. ಸತ್ತವರನ್ನು ಊರಿಗೆ ತರುವಂತಿಲ್ಲ ಎಂಬುದು ಆಗಿನ ಬ್ರಿಟಿಷ್ ನಿಯಮ. ಇಂಗ್ಲೆಂಡಿನ ತಾಯಂದಿರೂ ಇದಕ್ಕಾಗಿ ಬೇಡಿಕೊಂಡರು, ನಡೆಯಲಿಲ್ಲ. ಗಬರ್ ಸಿಂಗನಿಗಂತೂ ಗುರುತಾದ ಸಮಾಧಿಯೇ ಇಲ್ಲ. ನವ್ ಶಪೆಲ್‌ನಲ್ಲಿ 1927ರಲ್ಲಿ ತೆರೆದ ಸ್ಮಾರಕದ ಗೋಡೆಯಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ, ಅವನ ಹೆಸರು ಅಲ್ಲಿದೆ.

ಮನೆಗೆ ಬಂದದ್ದು ವಿಕ್ಟೋರಿಯಾ ಕ್ರಾಸ್ ಎಂಬ ಪದಕ. ಆ ಸೇನೆಯಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಸತೂರಿದೇವಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ, ಸೀರೆಯ ಮೇಲೆ ಧರಿಸಿಕೊಂಡರು. ಮತ್ತೆ ಮದುವೆಯಾಗಲಿಲ್ಲ. 1981ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 66 ವರ್ಷ, ಆ ಹುಡುಗನ ನೆನಪನ್ನು ಹೊತ್ತವರು ಅವರು. ವಿಧವೆ ಮೂಲೆಯಲ್ಲಿ ಕೂರಬೇಕು ಅನ್ನುತ್ತಿದ್ದ ಕಾಲ ಅದು, ನೆನಪಿಡಿ. ಚಂಬಾದಲ್ಲಿ ಈಗಲೂ ಏಪ್ರಿಲ್‌ನಲ್ಲಿ ಅವನ ಹೆಸರಿನ ಜಾತ್ರೆ ನಡೆಯುತ್ತದೆ.

ಹೆಸರಿನ ಮಾತು ಬಂತು, ಇನ್ನೊಂದು ಹೇಳಲೇಬೇಕು. ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತದ ಅಧಿಕಾರಿಗಳ ಹೆಸರು ಕೆತ್ತಿದರು. ಸಾಮಾನ್ಯ ಸಿಪಾಯಿಗಳಿಗೆ ಹೆಸರಿಲ್ಲ, ಇಂಥ ಪಡೆಯವರು ಇಷ್ಟು ಜನ ಎಂದು ಬರೀ ಲೆಕ್ಕ! ನಮ್ಮ ಹಾಜರಿ ಪುಸ್ತಕದಲ್ಲಿ ಹೆಸರು ಬಿಟ್ಟು "20 ಹೆಂಗಸರು" ಅಂತ ಬರೆದರೆ ನೀವು ಸುಮ್ಮನಿರುತ್ತೀರಾ? 2021ರಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ಇಂಥ ಭೇದಕ್ಕೆ ಕ್ಷಮೆ ಕೇಳಿತು. ನೂರು ವರ್ಷದ ಮೇಲೆ.

ನಮ್ಮ ನಾಡಿನವರೂ ಹೋಗಿದ್ದರು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರು 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದವರಲ್ಲಿ ಇದ್ದರು. ತಿರುಗಿ ಬಾರದವರೂ ಉಂಟು. ಅವರ ಹೆಂಡತಿಯರು ಯಾರು, ತಾಯಂದಿರು ಯಾರು?

ನಿಮ್ಮ ಊರಲ್ಲೂ ಹಳೆಯ ಪದಕವೋ, ಪಿಂಚಣಿ ಕಾಗದವೋ ಪೆಟ್ಟಿಗೆಯಲ್ಲಿರುವ ಮನೆ ಇರಬಹುದು. ಅಜ್ಜಿಯಂದಿರನ್ನು ಕೇಳಿ. ಸಿಪಾಯಿಯ ಹೆಸರು ಬರೆದುಕೊಳ್ಳಿ, ಪಕ್ಕದಲ್ಲೇ ಅವನ ತಾಯಿಯ ಹೆಸರು, ಹೆಂಡತಿಯ ಹೆಸರೂ ಬರೆಯಿರಿ. ಮುಂದಿನ ತಿಂಗಳ ಸಭೆಯಲ್ಲಿ ಓದೋಣ.