ಕಂದು ಹಾಕಿದ ಕುರಿ
(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರು ಸಂಬಳವಾಗುತ್ತಲೇ ಊರಿಗೆ ಹಣ ಕಳುಹಿಸುವವರು. ಆ ಹಣದಲ್ಲಿ ಒಂದಷ್ಟು ಅಂಗಡಿಯ ಸಾಲಕ್ಕೆ ಹೋಗುತ್ತದೆ, ಒಂದಷ್ಟು ಮಕ್ಕಳ ಫೀಜಿಗೆ. ಉಳಿದುದರಲ್ಲಿ ಮನೆಯವರು ಎರಡು ಕುರಿಯನ್ನೋ ಒಂದು ಹಸುವನ್ನೋ ಕೊಂಡು ಕಟ್ಟುತ್ತಾರೆ. ಬ್ಯಾಂಕಿನ ಪುಸ್ತಕಕ್ಕಿಂತ ನಮಗೆ ಅದರ ಮೇಲೆಯೇ ಭರವಸೆ ಹೆಚ್ಚು. ಹೀಗಿರಲು ಒಂದು ದಿನ ಊರಿನಿಂದ ಫೋನು ಬರುತ್ತದೆ: "ಗಬ್ಬದ ಕುರಿ ಕಂದು ಹಾಕಿತು. ಯಾರ ಕಣ್ಣು ಬಿತ್ತೋ ಏನೋ, ಕಟುಕರಿಗೆ ಕೊಟ್ಟುಬಿಟ್ಟೆವು." ಈ ಮಾತಿನ ಕೊನೆಯ ಭಾಗಕ್ಕಾಗಿಯೇ ನಾವು ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ. ಆ ಕುರಿಯನ್ನು ಕೊಡಬೇಕಾಗಿರಲಿಲ್ಲವೋ ಏನೋ.

ದನ ಕುರಿಗಳು ಕಂದು ಹಾಕುವುದಕ್ಕೆ ಕಾರಣ ಒಂದಲ್ಲ. ಬ್ರುಸೆಲ್ಲ ಎಂಬ ಬ್ಯಾಕ್ಟೀರಿಯದಿಂದ ಆಗುವುದುಂಟು, ಪೆಟ್ಟಿನಿಂದ ಆಗುವುದುಂಟು, ಮೇವಿನ ದೋಷದಿಂದಲೂ ಆಗುವುದುಂಟು. ಆದರೆ ಕುರಿ ಮೇಕೆಗಳಲ್ಲಿ ಲೋಕದ ಅನೇಕ ಕಡೆ ಕಂಡುಬಂದಿರುವ ಒಂದು ಮುಖ್ಯ ಕಾರಣ ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿ ಜೀವಿ. ಇದು ಕಣ್ಣಿಗೆ ಕಾಣದಷ್ಟು ಸಣ್ಣದು. 1908ರಲ್ಲಿ ಟ್ಯೂನಿಸ್ ನಗರದಲ್ಲಿ ನಿಕೋಲ್ ಮತ್ತು ಮಾನ್ಸೊ ಎಂಬವರು ಇದನ್ನು ಇಲಿಯ ಜಾತಿಯ ಒಂದು ಕಾಡುಪ್ರಾಣಿಯಲ್ಲಿ ಕಂಡರು. ಅದೇ ವರ್ಷ ಬ್ರೆಜಿಲಿನಲ್ಲಿ ಸ್ಪ್ಲೆಂಡೋರೆ ಎಂಬವರು ಮೊಲದಲ್ಲಿ ಕಂಡರು. ಬಿಲ್ಲಿನಂತೆ ಬಾಗಿರುವುದರಿಂದ ಆ ಹೆಸರು ಬಂದಿತು.

ಇದು ಹರಡುವ ಬಗೆ ಮಾತ್ರ ಬಹಳ ಕಾಲ ತಿಳಿಯಲಿಲ್ಲ. 1965ರಲ್ಲಿ ಗ್ಲಾಸ್ಗೋ ನಗರದ ಹಚಿಸನ್ ಬೆಕ್ಕಿನ ಮಲದ ಕಡೆಗೆ ಬೆರಳು ತೋರಿಸಿದರು. 1970ರ ಹೊತ್ತಿಗೆ ಸಂಗತಿ ಪೂರ್ತಿ ತಿಳಿಯಾಯಿತು. ರೋಗವಿರುವ ಇಲಿಯನ್ನು ತಿಂದ ಬೆಕ್ಕು ಕೆಲವು ದಿನಗಳ ಕಾಲ ತನ್ನ ಮಲದಲ್ಲಿ ಈ ಜೀವಿಯ ಮೊಟ್ಟೆಯಂಥ ಕಣಗಳನ್ನು ಲಕ್ಷಗಟ್ಟಲೆ ಬಿಡುತ್ತದೆ. ಹಸಿ ಮಣ್ಣಿನಲ್ಲಿ ಅವು ತಿಂಗಳುಗಟ್ಟಲೆ ಬಾಳುತ್ತವೆ. ಬೆಕ್ಕು ಮಲಗುವುದು ಹುಲ್ಲಿನ ಮೆದೆಯ ಮೇಲೆ, ಕುರಿ ತಿನ್ನುವುದು ಅದೇ ಹುಲ್ಲನ್ನು. ಗಬ್ಬದ ಕುರಿಯಾದರೆ ಜೀವಿಯು ರಕ್ತದೊಡನೆ ಮಾಸಿಗೆ ಸೇರಿ ಅಲ್ಲಿಂದ ಮರಿಗೆ ದಾಟುತ್ತದೆ. ಕಂದು ಹಾಕಿದಾಗ ಮಾಸಿನ ಕೆಂಪು ಗುಬಟುಗಳ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆಗಳು ಕಾಣುವುದುಂಟು.

ಈಗ ಮುಖ್ಯ ವಿಷಯ. ಒಮ್ಮೆ ಈ ರೋಗ ತಗಲಿ ಉಳಿದ ಕುರಿ ಇದೇ ಕಾರಣದಿಂದ ಮತ್ತೆ ಕಂದು ಹಾಕುವುದು ಅಪರೂಪ. ಅದರ ಮೈ ಪಾಠ ಕಲಿತಿರುತ್ತದೆ. ನಾವು ಕಟುಕರಿಗೆ ಕೊಡುವುದು, ಪಾಪ, ಈ ಪಾಠ ಕಲಿತ ಕುರಿಯನ್ನೇ! ಮರಿ ಕಳೆದುಕೊಳ್ಳದೆಯೇ ಈ ಪಾಠವನ್ನು ಕಲಿಸುವುದು ಹೇಗೆ ಎಂಬುದೇ ಲಸಿಕೆಯ ಪ್ರಶ್ನೆ.

ಉತ್ತರ ಬಂದದ್ದು ಜನರಿಗಿಂತ ಕುರಿಗಳೇ ಹೆಚ್ಚಾಗಿರುವ ನ್ಯೂಜಿಲೆಂಡಿನಿಂದ. 1950ರ ದಶಕದಲ್ಲಿ ಅಲ್ಲಿನ ಹಾರ್ಟ್ಲಿ ಮತ್ತು ಸಂಗಡಿಗರು ಕುರಿಗಳ ಗರ್ಭಪಾತಕ್ಕೆ ಟಾಕ್ಸೊಪ್ಲಾಸ್ಮ ಕಾರಣವೆಂದು ತೋರಿಸಿದರು. ಅಲ್ಲಿಯೇ ಸತ್ತು ಹುಟ್ಟಿದ ಒಂದು ಮರಿಯಿಂದ ತೆಗೆದ ತಳಿಯೊಂದನ್ನು ರಕ್ತಪರೀಕ್ಷೆಯ ಉಪಯೋಗಕ್ಕೆಂದು ಪ್ರಯೋಗಶಾಲೆಯಲ್ಲಿ ಉಳಿಸಿಕೊಂಡರು. ವಾರಕ್ಕೆ ಎರಡು ಸಲ ಒಂದು ಇಲಿಯಿಂದ ಇನ್ನೊಂದು ಇಲಿಗೆ, ಹೀಗೆ 3,000ಕ್ಕೂ ಮೇಲ್ಪಟ್ಟು ಸಲ ದಾಟಿಸಿದರು. ಲಸಿಕೆ ಮಾಡಬೇಕೆಂಬ ಎಣಿಕೆ ಆಗ ಇರಲಿಲ್ಲ. ಈ ಜೀವಿ ಸಾಮಾನ್ಯವಾಗಿ ಮಾಂಸಖಂಡದಲ್ಲಿಯೂ ಮೆದುಳಿನಲ್ಲಿಯೂ ಗೂಡು ಕಟ್ಟಿಕೊಂಡು ವರ್ಷಗಟ್ಟಲೆ ಅಡಗಿರತಕ್ಕದ್ದು. ಆದರೆ ಈ ತಳಿಗೆ ಗೂಡು ಕಟ್ಟುವಷ್ಟು ಬಿಡುವೇ ಸಿಗಲಿಲ್ಲ. ವಾರಕ್ಕೆರಡು ಸಲ ಬಿಡಾರ ಬದಲಿಸುವವನು ಗೋಡೆಗೆ ಮೊಳೆ ಹೊಡೆಯುವುದನ್ನೇ ಮರೆಯುತ್ತಾನೆ. ಈ ಊರಿನಲ್ಲಿ ಖೋಲಿ ಹುಡುಕಿದ ನಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊನೆಗೆ ಈ ತಳಿ ಗೂಡು ಕಟ್ಟುವ ಶಕ್ತಿಯನ್ನೂ ಬೆಕ್ಕಿನಲ್ಲಿ ಬೆಳೆಯುವ ಶಕ್ತಿಯನ್ನೂ ಕಳೆದುಕೊಂಡಿತು. ಕುರಿಯ ಮೈಯಲ್ಲಿ ಕೆಲವು ದಿನವಿದ್ದು, ಪಾಠ ಕಲಿಸಿ, ಅಳಿದುಹೋಗುತ್ತದೆ. ಎಸ್-48 ಎಂಬ ಈ ತಳಿಯ ಲಸಿಕೆ 1988ರಲ್ಲಿ ಟಾಕ್ಸೊವ್ಯಾಕ್ಸ್ ಎಂಬ ಹೆಸರಿನಿಂದ ನ್ಯೂಜಿಲೆಂಡಿನಲ್ಲಿ ಮಾರಾಟಕ್ಕೆ ಬಂದಿತು. ಟಗರು ಬಿಡುವುದಕ್ಕೆ ಮೂರು ವಾರವಾದರೂ ಮೊದಲು ಒಂದೇ ಚುಚ್ಚುಮದ್ದು.

ಹಾಗಾದರೆ ಈ ಜೀವಿಯನ್ನು ಕೊಂದೇ ಲಸಿಕೆ ಮಾಡಬಾರದೇಕೆ ಎಂದು ನೀವು ಕೇಳಬಹುದು. ಈ ಜೀವಿ ಬೆಳೆಯುವುದು ಪ್ರಾಣಿಯ ಜೀವಕೋಶದ ಒಳಗೆ. ಸತ್ತ ಲಸಿಕೆಯಿಂದ ರಕ್ತದಲ್ಲಿ ಪ್ರತಿಕಾಯಗಳೇನೋ ಹುಟ್ಟುತ್ತವೆ, ಆದರೆ ಅವು ಒಳಹೊಕ್ಕ ಶತ್ರುವನ್ನು ಮುಟ್ಟಲಾರವು. ಮನೆಯೊಳಗೆ ಬಂದ ಕಳ್ಳನಿಗೆ ಬೀದಿಯ ಗಸ್ತಿನಿಂದೇನು? ಜೊತೆಗೆ ಇನ್ನೊಂದು ತೊಡಕು. ತಾಯಿಯ ಮೈ ಮರಿಯನ್ನು ಪರಕೀಯವೆಂದು ತಳ್ಳಿಬಿಡದಂತೆ, ಗಬ್ಬದ ಕಾಲದಲ್ಲಿ ಮಾಸಿನ ಬಳಿಯ ಕಾವಲು ತಾನಾಗಿಯೇ ಸಡಿಲವಾಗಿರುತ್ತದೆ. ಕಾವಲು ಕಡಿಮೆಯಾದರೆ ರೋಗ ಮರಿಯನ್ನು ಕೊಲ್ಲುತ್ತದೆ, ಅತಿಯಾದರೆ ಆ ಕಾಳಗವೇ ಕೊಲ್ಲುತ್ತದೆ.

ಹಸುಗಳ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿತು. ಅವುಗಳಿಗೆ ಕಂದು ಹಾಕಿಸುವ ನಿಯೋಸ್ಪೋರ ಎಂಬ ಇನ್ನೊಂದು ಜೀವಿಗೆ 1988ರಲ್ಲಿ ಹೆಸರಿಟ್ಟವರಲ್ಲಿ ಪ್ರಮುಖರು ಭಾರತದಲ್ಲಿ ಪಶುವೈದ್ಯ ಕಲಿತು ಅಮೆರಿಕದಲ್ಲಿ ನೆಲೆಸಿದ ಜೆ. ಪಿ. ದುಬೆ. ಇದನ್ನು ಹರಡುವುದು ನಾಯಿ ಎಂದು 1998ರಲ್ಲಿ ಗೊತ್ತಾಯಿತು. ಇದು ತಾಯಿಯಿಂದ ಕರುವಿಗೆ, ಆ ಕರು ಬೆಳೆದು ಅದರ ಕರುವಿಗೆ ಬಳುವಳಿಯಂತೆ ಇಳಿದು ಬರುತ್ತದೆ. ಒಮ್ಮೆ ಕಂದು ಹಾಕಿದ ಹಸು ಮತ್ತೆಯೂ ಹಾಕಬಹುದು. ಕೊಂದ ನಿಯೋಸ್ಪೋರದ ಲಸಿಕೆಯೊಂದು ಮಾರಾಟಕ್ಕೆ ಬಂದಿತ್ತು. ಒಂದು ಹಿಂಡಿನಲ್ಲಿ ಫಲ ಕಂಡರೆ ಇನ್ನೊಂದರಲ್ಲಿ ಕಾಣಲಿಲ್ಲ; ಕೊನೆಗೆ ಅದನ್ನು ಹಿಂತೆಗೆದುಕೊಂಡರು. ಜೀವಂತ ತಳಿಗಳನ್ನು ಪಳಗಿಸುವ ಕೆಲಸ ಆಸ್ಟ್ರೇಲಿಯದಲ್ಲಿಯೂ ಸ್ಪೇನಿನಲ್ಲಿಯೂ ನಡೆದಿದೆ.

ಜೀವಂತ ಲಸಿಕೆಗೂ ಕಷ್ಟಗಳಿಲ್ಲದೆ ಇಲ್ಲ. ಟಾಕ್ಸೊವ್ಯಾಕ್ಸ್ ಬಾಳುವುದು ಸುಮಾರು ಹತ್ತು ದಿನ, ಅದೂ ತಣ್ಣಗೆ ಇಟ್ಟರೆ. ಶಿರಾ ಸೀಮೆಯ ಒಂದು ಕುರಿಹಟ್ಟಿಗೆ, ಅಥವಾ ಹಿಂಡಿನೊಡನೆ ಊರೂರು ಅಲೆಯುವ ಕುರಿಗಾರನಿಗೆ, ಇಂಥ ಮದ್ದು ತಲುಪುವುದು ಹೇಗೆ? ಚುಚ್ಚುವವನ ಕೈಗೇ ಸೂಜಿ ತಗಲಿದರೆ ಅವನಿಗೂ ರೋಗ ಬರಬಹುದು. ಗರ್ಭಿಣಿಯರಂತೂ ಅದರ ಶೀಸೆಯನ್ನು ಮುಟ್ಟಲೇಬಾರದು. ಹೆಚ್ಚು ದಿನ ಬಾಳುವ, ನಿರಪಾಯವಾದ ಲಸಿಕೆಯೇ ಬೇಕಾಗಿರುವುದು. ಅದು ಇನ್ನೂ ಕೈಗೆ ಬಂದಿಲ್ಲ.

ಬ್ರುಸೆಲ್ಲಕ್ಕೆ ಮಾತ್ರ ಲಸಿಕೆ ಹತ್ತಿರದಲ್ಲಿಯೇ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ದನ ಎಮ್ಮೆಗಳ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಅದನ್ನು ಹಾಕುತ್ತಾರೆ. ಮನೆಯಲ್ಲಿ ಆ ವಯಸ್ಸಿನ ಕರುವಿದ್ದರೆ ಫೋನಿನಲ್ಲಿ ಮರೆಯದೆ ಹೇಳಿ.

ಇನ್ನು ಆ ಕಂದು ಹಾಕಿದ ಕುರಿ. ಬ್ರುಸೆಲ್ಲವಿದ್ದರೆ ಅದನ್ನು ಹಿಂಡಿನಲ್ಲಿಡುವುದೇ ಅಪಾಯ, ಟಾಕ್ಸೊಪ್ಲಾಸ್ಮವಾದರೆ ಮಾರುವುದೇ ನಷ್ಟ. ಯಾವುದೆಂದು ಕಣ್ಣಿನಿಂದ ನೋಡಿ ಹೇಳಲಾಗದು, ಪರೀಕ್ಷೆಯೇ ಆಗಬೇಕು. ಆದುದರಿಂದ ತೀರ್ಮಾನಕ್ಕೆ ಮೊದಲು ಕುರಿಯನ್ನು ಬೇರೆ ಕಟ್ಟಿಸಿ, ಪಶುವೈದ್ಯರಿಗೆ ಹೇಳಿಕಳುಹಿಸಲು ತಿಳಿಸಿ. ಸತ್ತ ಮರಿಯನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬಾರದು, ಗರ್ಭಿಣಿಯರು ಹತ್ತಿರ ಹೋಗಕೂಡದು, ನಾಯಿಗೆ ಎಸೆಯಲೂ ಕೂಡದು. ನಮ್ಮವರು ಸಾಮಾನ್ಯವಾಗಿ ಮರಿಯನ್ನು ಮಾತ್ರ ತೋರಿಸಿ ಮಾಸನ್ನು ತಿಪ್ಪೆಗೆ ಹಾಕುತ್ತಾರೆ. ಪರೀಕ್ಷೆಗೆ ಮಾಸೂ ಅಷ್ಟೇ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೆರಳಿನಲ್ಲಿ ತಣ್ಣಗೆ ಇಟ್ಟಿರಲಿ, ವೈದ್ಯರು ಬಂದಾಗ ಕೇಳುತ್ತಾರೆ.