ಮಕ್ಕಳ ಆಟಕ್ಕೊಂದು ಕಂಪ್ಯೂಟರು

ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಬೇಸಗೆಯ ರಜೆ ಬಂದಿತೆಂದರೆ, ಈಚಿನ ವರ್ಷಗಳಲ್ಲಿ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ತಪ್ಪದೆ ಕೇಳಿಬರುತ್ತದೆ: “ನನಗೊಂದು ಗೇಮಿಂಗ್ ಕಂಪ್ಯೂಟರು ಬೇಕು.” ತಂದೆಗೆ ಇದು ದುಂದುವೆಚ್ಚವೆನಿಸುತ್ತದೆ, ತಾಯಿಗೆ ಓದು ಕೆಟ್ಟೀತೆಂಬ ಅಂಜಿಕೆ, ಮಗನಿಗೋ ಮಗಳಿಗೋ ಹಿರಿಯರಿಗೆ ಇದೊಂದೂ ತಿಳಿಯದೆಂಬ ಅಸಮಾಧಾನ. ಮಾತು ಅಲ್ಲಿಗೇ ನಿಂತರೆ, ಒಂದೋ ಗದರಿಸಿ ಬಾಯಿ ಮುಚ್ಚಿಸುತ್ತೇವೆ. ಇಲ್ಲವೆ ಕಾಟ ತಾಳಲಾರದೆ ಅಂಗಡಿಯವನು ತೋರಿಸಿದ್ದಕ್ಕೆ ಹಣ ಸುರಿಯುತ್ತೇವೆ. ಯಾದಗಿರಿ, ಶಹಾಪುರ, ಸುರಪುರಗಳ ಕಡೆ ತೊಗರಿ, ಹತ್ತಿ, ಭತ್ತ ಮಾರಿ ಉಳಿಸಿದ ಅಥವಾ ತಿಂಗಳ ಸಂಬಳದಲ್ಲಿ ಕೂಡಿಟ್ಟ ಮೂವತ್ತು ನಲವತ್ತು ಸಾವಿರ ರೂಪಾಯಿ ಸಣ್ಣ ಮೊತ್ತವೇನಲ್ಲ. ಅದು ವ್ಯರ್ಥವಾಗದಂತೆ ನೋಡಿಕೊಳ್ಳುವುದು ಹೇಗೆಂದು ಇಂದು ವಿಚಾರಮಾಡೋಣ.

ಹಿಂದೆ ರೇಡಿಯೋ ಕೊಳ್ಳುವಾಗ ತಿಳಿದವರು ಹೊರಗಿನ ಮರದ ಪೆಟ್ಟಿಗೆಯ ಹೊಳಪನ್ನು ನೋಡಿ ಮರುಳಾಗುತ್ತಿರಲಿಲ್ಲ. ಒಳಗೆ ವಾಲ್ವುಗಳೆಷ್ಟು ಎಂದು ಕೇಳುತ್ತಿದ್ದರು. ಆಟದ ಕಂಪ್ಯೂಟರಿಗೂ ಇದೇ ನಿಯಮ. ಗಾಜಿನ ಬಾಗಿಲು, ಬಣ್ಣಬಣ್ಣದ ದೀಪ ಬೀರುವ ಫ್ಯಾನು, ಇವು ಕಣ್ಣಿಗೆ ಹಬ್ಬ. ಆಟದ ವೇಗ ಇವುಗಳಿಂದ ಕಿಂಚಿತ್ತೂ ಹೆಚ್ಚದು. ಕಾಣುವುದಕ್ಕೆ ಕಡಿಮೆ ಕೊಡಿ, ಕಾಣದಿರುವುದಕ್ಕೆ ಹೆಚ್ಚು ಕೊಡಿ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಆಟದ ಕಂಪ್ಯೂಟರು ಮಾಡುವ ಕೆಲಸವೇನು? ಸೆಕೆಂಡಿಗೆ 60 ಬಾರಿಯಾದರೂ ಹೊಸ ಚಿತ್ರವನ್ನು ಬರೆದು ತೆರೆಗೆ ಕಳುಹಿಸುವುದು. ಈ ಚಿತ್ರ ಬರೆಯುವ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡೆಂಬ ಪ್ರತ್ಯೇಕ ಭಾಗ ಉಂಟು. ಅನೇಕ ಬಾರಿ ಇಡೀ ಯಂತ್ರದಲ್ಲಿ ದುಬಾರಿಯಾದದ್ದು ಅದೇ. ಆದರೆ ಚಿತ್ರ ಬರೆಯುವ ಶಕ್ತಿಯನ್ನು ತನ್ನೊಳಗೇ ಇಟ್ಟುಕೊಂಡ ಪ್ರೊಸೆಸರುಗಳೂ ಇವೆ. 2021ರಲ್ಲಿ ಬಂದ ಎಎಂಡಿ ಕಂಪನಿಯ ರೈಜನ್ 5 5600ಜಿ ಇಂಥದು. ವ್ಯಾಲರಂಟ್, ಮೈನ್‌ಕ್ರಾಫ್ಟ್‌ನಂಥ ಹಗುರವಾದ ಆಟಗಳಿಗೆ ಬೇರೆ ಕಾರ್ಡಿಲ್ಲದೆಯೇ ಇದು ಸಾಲುತ್ತದೆ. ಮೊದಲ ವರ್ಷ ಇಷ್ಟರಲ್ಲೇ ಆಡಲಿ. ಆಸಕ್ತಿ ಉಳಿದರೆ, ಮುಂದಿನ ವರ್ಷ ಅದೇ ಮದರ್‌ಬೋರ್ಡಿನ ಮೇಲೆ ಗ್ರಾಫಿಕ್ಸ್ ಕಾರ್ಡು ಕೂಡಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಹೀಗೆ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇರುವುದರಿಂದ ಕರೆಂಟು ಹೋದಾಗ ಅನುಕೂಲವೇನೋ ಸರಿ. ಆದರೆ ಹೀಗೆ ವರ್ಷಕ್ಕೊಂದು ಭಾಗ ಸೇರಿಸಿಕೊಳ್ಳುವ ಸೌಕರ್ಯ ಅದರಲ್ಲಿಲ್ಲ.

ಇನ್ನು ಮೋಸಹೋಗುವ ಎಡೆಗಳು. “ಐ7 ಪ್ರೊಸೆಸರು, 16 ಜಿಬಿ, ಗೇಮಿಂಗ್ ಪಿಸಿ, ಅಗ್ಗದ ಬೆಲೆ” ಎಂಬ ಜಾಹೀರಾತು ಕಂಡರೆ, “ಯಾವ ತಲೆಮಾರಿನ ಐ7?” ಎಂದು ಕೇಳಿ. ಐ7 ಎಂಬ ಹೆಸರು ಒಂದೇ ಆದರೂ, 2011ರ ಐ7-2600 ಇದೆ, 2013ರ ಐ7-4770 ಇದೆ. 2022ರ ಸಾಧಾರಣ ಐ3-12100 ಈ ಎರಡಕ್ಕಿಂತಲೂ ಚುರುಕು. ಇದಲ್ಲದೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಹೊಂದುವ ಇಂಟೆಲ್ ಪ್ರೊಸೆಸರುಗಳ ಪಟ್ಟಿ ಬಹುಮಟ್ಟಿಗೆ ಎಂಟನೆಯ ತಲೆಮಾರಿನಿಂದ ಆರಂಭವಾಗುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿಯೂ ಇದೇ ಕಥೆ. ಜಿಟಿ 730 ಎಂಬ 2014ರ ಕಾರ್ಡನ್ನು “4 ಜಿಬಿ” ಎಂದು ಹೇಳಿ ಮಾರುವುದುಂಟು; ಅದಕ್ಕಿಂತ ಮೇಲೆ ಹೇಳಿದ 5600ಜಿಯ ಒಳಗಿರುವ ಶಕ್ತಿಯೇ ಹೆಚ್ಚು. ಹಳೆಯ ಕಾರ್ಡು ಕೊಳ್ಳುವುದಾದರೆ ಆಟ ಹಾಕಿಸಿ ಅರ್ಧ ಗಂಟೆ ಓಡಿಸಿ ನೋಡದೆ ಹಣ ಕೊಡಬೇಡಿ. ಎಥೀರಿಯಂ ನಾಣ್ಯದ ಗಣಿಗಾರಿಕೆ 2022ರ ಸೆಪ್ಟೆಂಬರಿನಲ್ಲಿ ನಿಂತಮೇಲೆ, ಹಗಲಿರುಳು ದುಡಿದ ಕಾರ್ಡುಗಳು ಹೇರಳವಾಗಿ ಮಾರುಕಟ್ಟೆಗೆ ಬಂದವು.

ಮೆಮೊರಿ 16 ಜಿಬಿ ಇರಲಿ. ಅದನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ 8 ಜಿಬಿಯ ಎರಡು ಪಟ್ಟಿಗಳಾಗಿ ಕೊಳ್ಳಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಇದನ್ನೇ ಹಂಚಿಕೊಳ್ಳುತ್ತದೆ. ಒಂಟಿ ಎತ್ತಿನ ಗಾಡಿಗೂ ಜೋಡೆತ್ತಿನ ಗಾಡಿಗೂ ಇರುವ ಅಂತರ ಇಲ್ಲಿ ಕಾಣುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಮೆಮೊರಿ ಹರಿದುಹೋದುದರಿಂದ, ಜಗತ್ತಿನಾದ್ಯಂತ ಇದರ ಬೆಲೆ ಏಕಾಏಕಿ ಏರಿತು. ಹೀಗೆ ಬೆಲೆಗಳು ಏರಿಳಿಯುವುದರಿಂದ ಅಂಕಿಗಳಿಗಿಂತ ಕೊಳ್ಳುವ ಕ್ರಮವನ್ನು ನೆನಪಿಡಿ. ದುಬಾರಿಯೆನಿಸಿದರೆ ಪೆಟ್ಟಿಗೆಯ ಅಂದದಲ್ಲಿ ಉಳಿಸಿ, ಮೆಮೊರಿಯಲ್ಲಿ ಬೇಡ. ಸಂಗ್ರಹಕ್ಕೆ 512 ಜಿಬಿಯ ಎಸ್‌ಎಸ್‌ಡಿ ಆರಂಭಕ್ಕೆ ಸಾಕು.

ಈಗ ನಮ್ಮ ಊರುಗಳಿಗೆ ವಿಶೇಷವಾಗಿ ಅನ್ವಯಿಸುವ ಮಾತು. ಕಂಪ್ಯೂಟರಿಗೆ ಇಲ್ಲಿ ಮೂವರು ಶತ್ರುಗಳು: ಕರೆಂಟು, ಬಿಸಿಲು, ಧೂಳು.

ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಇಳಿಸಿ ಎಲ್ಲ ಭಾಗಗಳಿಗೂ ಹಂಚುವುದು ಪವರ್ ಸಪ್ಲೈ. ಕ್ಯಾಬಿನೆಟ್ಟಿನ ಜೊತೆಗೆ ಪುಕ್ಕಟೆಯಾಗಿ ಬರುವ ಪವರ್ ಸಪ್ಲೈಯನ್ನು ನಂಬಬೇಡಿ. ಅದರ ಮೇಲೆ ಬರೆದಿರುವ ವ್ಯಾಟು ಎಷ್ಟೋ ಬಾರಿ ಕಾಗದದ ಮೇಲಿನ ವ್ಯಾಟು. ಅದು ಕೆಟ್ಟರೆ ತಾನೊಂದೇ ಕೆಡದೆ ಮಿಕ್ಕವನ್ನೂ ಕೆಡಿಸಬಲ್ಲದು. ಹೆಸರಾಂತ ತಯಾರಕರ 450 ರಿಂದ 550 ವ್ಯಾಟಿನದನ್ನು ಬೇರೆಯಾಗಿ ಕೊಳ್ಳಿ; ಮುಂದೆ ಕಾರ್ಡು ಕೂಡಿಸಿದಾಗಲೂ ಅದೇ ಸಾಕು. ಮೂರು ಮುಳ್ಳಿನ ಪ್ಲಗ್ಗಿನ ದಪ್ಪ ಮುಳ್ಳಿಗೆ ನಿಜವಾಗಿ ಅರ್ಥಿಂಗ್ ಇದೆಯೇ ಎಂದು ಮೊದಲು ವಿದ್ಯುತ್ ಕೆಲಸದವರಿಂದ ಪರೀಕ್ಷೆಮಾಡಿಸಿ. ಮನೆಯಲ್ಲಿ ಇನ್ವರ್ಟರು ಇದ್ದರೆ ಅದು ಸೈನ್ ವೇವ್ ಬಗೆಯದೇ ಎಂದು ನೋಡಿ, ಯುಪಿಎಸ್ ಸ್ಥಿತಿಯಲ್ಲಿಡಿ. ಇಲ್ಲದಿದ್ದರೆ ಸಣ್ಣದೊಂದು ಯುಪಿಎಸ್ ಬೇಕೇಬೇಕು.

ಬಿಸಿಲಿನ ವಿಚಾರ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಕಂಪ್ಯೂಟರಿನ ಫ್ಯಾನು ಗಾಳಿಯನ್ನು ತಂಪುಮಾಡುವುದಿಲ್ಲ; ಕೊಠಡಿಯ ಗಾಳಿಯನ್ನೇ ಒಳಕ್ಕೆ ತಳ್ಳುತ್ತದೆ. ಕೊಠಡಿ ಎಷ್ಟು ಡಿಗ್ರಿ ಏರಿತೋ ಒಳಗೂ ಸುಮಾರು ಅಷ್ಟೇ ಏರುತ್ತದೆ. ಮಿತಿ ಮುಟ್ಟಿದಾಗ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ, ಆಟ ತಡವರಿಸುತ್ತದೆ, ಹುಡುಗ ಯಂತ್ರ ಹಳತಾಯಿತೆಂದು ಹೊಸದು ಕೇಳುತ್ತಾನೆ. ಆದುದರಿಂದ ಮುಂಭಾಗ ಗಾಜಲ್ಲದೆ ಜಾಲರಿಯುಳ್ಳ ಕ್ಯಾಬಿನೆಟ್ಟು ಆರಿಸಿ, ಜಾಲರಿಗೆ ಧೂಳು ತಡೆಯುವ ಪರದೆ ಇರಲಿ. ಶಹಾಬಾದ ಕಲ್ಲಿನ ನೆಲದ ಮೇಲಿಡದೆ ಮೇಜಿನ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ನೀರಿನ ಕೂಲರಿನ ಗಾಳಿ ನೇರವಾಗಿ ಅದರ ಮೇಲೆ ಬೀಸಕೂಡದು. ತಿಂಗಳಿಗೊಮ್ಮೆ ಪರದೆ ತೊಳೆದು ಒಣಗಿಸಿ ಹಾಕುವ ಕೆಲಸ ಆಡುವವರದೇ ಆಗಿರಲಿ.

ಎಲ್ಲಿ ಕೊಳ್ಳಬೇಕು? ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರು, ಬೆಂಗಳೂರಿನ ಎಸ್.ಪಿ. ರಸ್ತೆ, ಎರಡೂ ಬಿಡಿಭಾಗಗಳಿಗೆ ಹೆಸರಾದ ಪೇಟೆಗಳು. ಎಲ್ಲಿಯೇ ಕೊಳ್ಳಿ, ಪ್ರತಿ ಭಾಗಕ್ಕೂ ಜಿಎಸ್‌ಟಿ ರಸೀದಿ ಪಡೆಯಿರಿ. ಮುಚ್ಚಿದ ಪೆಟ್ಟಿಗೆಯಲ್ಲಿರುವ ಪ್ರೊಸೆಸರನ್ನೇ ಕೇಳಿ. ಪೆಟ್ಟಿಗೆಗಳನ್ನು ಎಸೆಯದೆ ಅಟ್ಟದ ಮೇಲಿಡಿ. ದೂರದ ಊರಿನವರು ವಾರಂಟಿಗಾಗಿ ಅದನ್ನು ಕೊರಿಯರಿನಲ್ಲಿ ಕಳುಹಿಸುವ ಪ್ರಸಂಗ ಬಂದೀತು. ಊರಿನ ಅಂಗಡಿಯವರ ಬೆಲೆ ತುಸು ಹೆಚ್ಚಾದರೂ, ಕೆಟ್ಟಾಗ ಹೊಣೆ ಹೊತ್ತು ನೋಡುವವರಾದರೆ, ಆ ಹೆಚ್ಚಳ ನಷ್ಟವಲ್ಲ.

ಭಾಗಗಳು ಬಂದ ಮೇಲೆ ಜೋಡಣೆಯನ್ನು ಮಗನಿಗೇ ಮಗಳಿಗೇ ಬಿಡಿ. ನೀವು ಪಕ್ಕದಲ್ಲಿ ಕುಳಿತಿರಿ. ಬೇಕಾದುದು ಒಂದು ಸ್ಕ್ರೂಡ್ರೈವರು ಮತ್ತು ತಾಳ್ಮೆ. ಬಿಡಿಭಾಗ ಮುಟ್ಟುವ ಮುನ್ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. 5600ಜಿಯ ಅಡಿಯಲ್ಲಿ ಕೂದಲಿನಂಥ ಸೂಕ್ಷ್ಮ ಮುಳ್ಳುಗಳಿವೆ. ಗುರುತು ನೋಡಿ ಇಟ್ಟರೆ ತಾನಾಗಿ ಕೂಡುತ್ತದೆ, ಒತ್ತಿದರೆ ಬಾಗುತ್ತದೆ. ಆದರೆ ಪವರ್ ಸಪ್ಲೈಯ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಕೂಡದು. ತಂತಿ ತೆಗೆದ ಮೇಲೂ ಅದರಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ತಾನೇ ಜೋಡಿಸಿದ ಯಂತ್ರವನ್ನು ಮಕ್ಕಳು ಕಾಪಾಡಿಕೊಳ್ಳುವ ರೀತಿಯೇ ಬೇರೆ.

ವಿದ್ಯುತ್ತಿನ ಖರ್ಚು ಕೇಳುವಿರಿ. ಕಾರ್ಡಿಲ್ಲದ ಯಂತ್ರ ತೆರೆಯೂ ಸೇರಿ ಸುಮಾರು 125 ವ್ಯಾಟು ಎಳೆದರೆ, ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ ಏಳೂವರೆ ಯೂನಿಟ್ಟು. ಸಾಧಾರಣ ಕಾರ್ಡು ಸೇರಿ 280 ವ್ಯಾಟಾದರೆ ಹದಿನೇಳು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ನೋಡಿ ಉಚಿತ ಮಿತಿ ಗೊತ್ತುಮಾಡಿದ್ದಾರೆ. ಈ ಲೆಕ್ಕವನ್ನು ಮಕ್ಕಳಿಂದಲೇ ಹಾಕಿಸಿ, ಬಿಲ್ಲಿನೊಡನೆ ತಾಳೆನೋಡಿಸಿ.

ಕಡೆಯದಾಗಿ, ಆಟದ ಬಗೆಗಿನ ಅಂಜಿಕೆ. ಎಲ್ಲ ಆಟವೂ ಜೂಜಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ನಿಷೇಧಿಸಿತು. ಇ-ಕ್ರೀಡೆಗೆ ಅದರಲ್ಲಿಯೇ ಬೇರೆ ಮನ್ನಣೆ ಕೊಟ್ಟಿತು. ಆದರೂ ಪುಕ್ಕಟೆ ಆಟಗಳು ಉಡುಪು, ಆಯುಧಗಳ ಬಣ್ಣ ಎಂದು ಹಣ ಕೇಳುತ್ತವೆ; ಆದುದರಿಂದ ನಿಮ್ಮ ಬ್ಯಾಂಕ್ ಕಾರ್ಡಿನ ವಿವರವನ್ನು ಆ ಯಂತ್ರದಲ್ಲಿ ಉಳಿಸಬೇಡಿ. ಇದೇ ಯಂತ್ರದಲ್ಲಿ ಬ್ಲೆಂಡರ್ ಎಂಬ ಪುಕ್ಕಟೆ ತಂತ್ರಾಂಶದಿಂದ ಚಲಿಸುವ ಚಿತ್ರ ಮಾಡಬಹುದು, ಗೊಡೊ ಎಂಬುದರಿಂದ ಸ್ವಂತ ಆಟವನ್ನೇ ಕಟ್ಟಬಹುದು. ಅನಿಮೇಶನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ಕರ್ನಾಟಕ ಸರ್ಕಾರ 2012ರಲ್ಲಿಯೇ ನೀತಿಯೊಂದನ್ನು ತಂದಿತು. ಆಡುವವರೆಲ್ಲರೂ ಆ ಉದ್ಯಮಕ್ಕೆ ಹೋಗುವರೆಂದಲ್ಲ, ದಾರಿ ಮುಚ್ಚಿಲ್ಲವೆಂದಷ್ಟೇ.

ಯಂತ್ರವನ್ನು ಒಳಕೋಣೆಯಲ್ಲಿಡದೆ ಎಲ್ಲರೂ ಓಡಾಡುವ ನಡುಮನೆಯಲ್ಲಿಡಿ. ಆಡುವ ಹೊತ್ತನ್ನು ಕೊಳ್ಳುವ ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಿ. ಕೊಂಡ ಮೇಲೆ ಹಾಕುವ ಕಟ್ಟಳೆ ಶಿಕ್ಷೆಯಂತೆ ಕಾಣುತ್ತದೆ. ಇಂದು ಸಂಜೆ ಮಗನನ್ನೋ ಮಗಳನ್ನೋ ಕರೆದು ಒಂದು ಹಾಳೆ ಕೊಡಿ. ಯಾವ ಆಟ, ಯಾವ ಭಾಗ, ಏಕೆ, ಎಷ್ಟು ಎಂದು ಬರೆದು ತರಲಿ. ಪ್ರತಿ “ಏಕೆ”ಗೂ ಉತ್ತರ ಬರೆಯಬಲ್ಲವರಿಗೆ ಕೊಡಿಸಿದ ಹಣ ಪೋಲಾಗುವ ಭಯವಿಲ್ಲ. ಉತ್ತರ ಇನ್ನೂ ಬಾರದಿದ್ದರೆ, ಮುಂದಿನ ಸುಗ್ಗಿಯವರೆಗೆ ಕಾಯಬಹುದು. ಕಲಿಯುವುದಕ್ಕೆ ಅಷ್ಟು ಸಮಯ ಸಿಕ್ಕಂತಾಯಿತು.